ಒಂದೇ ಸವೆತದ ಎರಡು ನಾಣ್ಯ

ಬದಿಯಡ್ಕದಲ್ಲಿ ನನ್ನದೊಂದು ಔಷಧಿ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಚಿಕ್ಕಪ್ಪ ಬಂದು ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಹಳೆಯ ಬೆಳ್ಳಿ ನಾಣ್ಯಗಳ ಗೀಳು. ಅದನ್ನು ನನಗೂ ಹಚ್ಚಿದರು. ಅಪ್ಪ ತೀರಿಕೊಂಡ ನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನನ್ನಾದರೂ ಕಲಿಸಿದ ಹಿರಿಯರೆಂದರೆ ಅವರೊಬ್ಬರೇ.

“ನೇರ ಬೆಳಕಲ್ಲಿ ಎಂತದೂ ಕಾಣುದಿಲ್ಲ ಮಗಳೇ, ಸ್ವಲ್ಪ ಓರೆ ಮಾಡು,” ಎನ್ನುತ್ತಿದ್ದರು.

ಓರೆ ಮಾಡಿದರೆ, ಸವೆದು ನುಣುಪಾದ ಬೆಳ್ಳಿಯ ಮೇಲೆ ಸೂರ್ಯನ ಕಿರಣಗಳು, ಗುಡ್ಡದ ಕಮಾನು, ಗೂಳಿಯ ಬೆನ್ನು ಮೆಲ್ಲಗೆ ಕಾಣಿಸುತ್ತಿದ್ದವು. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಂದೊಂದಾಗಿ ಬಡಿದು ಮೂಡಿಸಿದ ಗುರುತುಗಳು. ಕೈಯಿಂದ ಬಡಿದದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ ಎಂದು ಹೇಳಿಕೊಟ್ಟವರೂ ಅವರೇ. ಕೊನೆಗೊಂದು ದಿನ ತಮ್ಮಲ್ಲಿದ್ದ ಒಂದನ್ನು, “ನೀನಾದ ಕಾರಣ ಕೊಡುದು,” ಎಂದು ನನಗೆ ಮಾರಿದರು.

ಕಳೆದ ವರ್ಷ, ಬಿಪಿ ಮಾತ್ರೆಗೆಂದು ಬಂದ ನೆಕ್ರಾಜೆಯ ಟೀಚರೊಬ್ಬರು ನನ್ನ ಮೇಜಿನ ಮೇಲಿದ್ದ ಭೂತಗನ್ನಡಿಯನ್ನೂ ನಾಣ್ಯವನ್ನೂ ನೋಡಿದರು. “ಇಂಥದ್ದು ನನ್ನ ಹತ್ರವೂ ಒಂದು ಉಂಟು,” ಎಂದು ಪರ್ಸಿನಿಂದ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ಸೂರ್ಯ, ಅಳಿಸಿಹೋದದ್ದೂ ಅದೇ ಕಿರಣಗಳು. ಅಂಚಿನ ಬಿರುಕು ಕೂಡ ಅದೇ ಜಾಗದಲ್ಲಿ, ಅಷ್ಟೇ ಉದ್ದ. ಎರಡು ನಾಣ್ಯ ಹೀಗೆ ಒಂದೇ ರೀತಿ ಸವೆಯಲು ಸಾಧ್ಯವಿಲ್ಲ. ಎರಡೂ ಯಾವುದೋ ಒಂದೇ ಅಚ್ಚಿಗೆ ಇತ್ತೀಚೆಗೆ ಎರಕ ಹೊಯ್ದವು.

“ಯಾರು ಕೊಟ್ಟದ್ದು?”

“ನಿಮ್ಮ ಚಿಕ್ಕಪ್ಪನೇ. ‘ನೀವಾದ ಕಾರಣ ಕೊಡುದು’ ಅಂದ್ರು.”

ಎರಡು ದಿನದ ಮಟ್ಟಿಗೆ ಟೀಚರ ನಾಣ್ಯವನ್ನು ಕೇಳಿ ಇಟ್ಟುಕೊಂಡೆ. ಮರುದಿನ ಚಿಕ್ಕಪ್ಪನ ಮನೆಗೆ ಹೋಗಿ ಎರಡನ್ನೂ ಅವರ ಮುಂದಿಟ್ಟೆ. ಅವರು ಕನ್ನಡಕ ಕೂಡ ಹಾಕಲಿಲ್ಲ.

“ಗೊತ್ತಾಯ್ತಲ್ಲ ನಿಂಗೆ. ಕಲಿಸಿದ್ದು ವ್ಯರ್ಥ ಆಗ್ಲಿಲ್ಲ.”

“ಅಸಲಿ ಅಂತ ಹೇಳಿದ್ದು ನೀವು.”

“ನಂಗೂ ಒಬ್ಬ ಹಾಗೇ ಹೇಳಿ ಒಂದು ರಾಶಿ ಕೊಟ್ಟು ಹೋದ. ನಾನು ಅದನ್ನು ಎಲ್ಲಿಗೆ ಕೊಂಡುಹೋಗುದು?”

ಚಿಕ್ಕಮ್ಮ ಚಹಾ ತಂದು ನಿಂತಿದ್ದರು. ಅವರ ಮುಖ ನೋಡಿ ಕುಡಿದೆ.

ಟೀಚರಿಗೆ ನಿಜ ಹೇಳಿದೆ. ಅವರು ನಾಣ್ಯ ತೆಗೆದುಕೊಂಡು, “ನಿಮ್ಗೆ ಮೊದಲೇ ಗೊತ್ತಿತ್ತಾ?” ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಈಗ ಅವರು ಮಾತ್ರೆಗೆ ಎದುರಿನ ಅಂಗಡಿಗೆ ಹೋಗುತ್ತಾರೆ.

ಮೊನ್ನೆ ನೆಂಟರ ಮನೆಯ ಉಪನಯನದಲ್ಲಿ ಚಿಕ್ಕಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು: “ಹಳೇ ನಾಣ್ಯ ಇವಳಷ್ಟು ಸರಿಯಾಗಿ ನೋಡುವವರು ಈ ಊರಲ್ಲಿಲ್ಲ. ಕಲಿಸಿದ್ದು ನಾನು.”

ನಾನು ಊಟಕ್ಕೆ ಕೂರದೆ ಬಸ್ಸು ಹತ್ತಿದೆ.