ಸೇತುವೆ ದಾಟಿದ ಬೀರು

ನಮ್ಮ ಭಾವ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಷೆಡ್ಡಿಗೆ ಓಡಾಡುತ್ತಲೇ ಉಣ್ಣುವ ಆಸಾಮಿ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀರ" ಎಂದು ನಮ್ಮಕ್ಕ ಬೈಯುತ್ತಾಳೆ. ಮದುವೆಯಾಗಿ ಮೂವತ್ತೊಂದು ವರ್ಷ ಕಳೆದರೂ ಬೈಗುಳವೂ ಬದಲಾಗಿಲ್ಲ, ಅವರೂ ಬದಲಾಗಿಲ್ಲ.

ಅವರ ಕಸುಬು ಆ ಷೆಡ್ಡಿನಲ್ಲಿ ಬಂದೂಕು ಇಡುವ ಕಬ್ಬಿಣದ ಬೀರು ಮಾಡುವುದು. ಅದಕ್ಕೆ ಬಣ್ಣ ಹೊಡೆಯುವವನು ನಾನು. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹುಡುಗಾಟದ ಮಾತಲ್ಲ. ಅರ್ಜಿ ಹಾಕಿ ಮೂರು ತಿಂಗಳು ಕಾಯಬೇಕು. ಅಕ್ಕಪಕ್ಕದ ಇಬ್ಬರು ಇವನು ಒಳ್ಳೆಯವನೆಂದು ಸಹಿ ಹಾಕಬೇಕು, ಹೆಂಡತಿ ನನ್ನ ಒಪ್ಪಿಗೆಯಿದೆ ಎಂದು ಬರೆದುಕೊಡಬೇಕು. ಇಷ್ಟೆಲ್ಲ ಆದ ಮೇಲೂ ಗೋಡೆಗೆ ನಾಲ್ಕು ಬೋಲ್ಟು ಬಿಗಿದ ದಪ್ಪ ತಗಡಿನ ಬೀರು ಇಲ್ಲದಿದ್ದರೆ ಬಂದೂಕು ಅಂಗಡಿಯಿಂದ ಆಚೆ ಬರುವುದಿಲ್ಲ. ಪೊಲೀಸರು ವರ್ಷಕ್ಕೊಮ್ಮೆ ಹೇಳದೆ ಕೇಳದೆ ಬಂದು ಬೀರಿನ ಹಿಡಿ ಜಗ್ಗಿ ನೋಡುತ್ತಾರೆ. ಬೀಗ ಹಾಕಿರದಿದ್ದರೆ ಬಂದೂಕೂ ಹೋಯಿತು, ಲೈಸೆನ್ಸೂ ಹೋಯಿತು. ಭಾವನ ಬೀರು ಇರುವ ಮನೆಯಲ್ಲಿ ಮಾತ್ರ ಅವರು ಹಿಡಿಯನ್ನು ಎರಡನೇ ಸಲ ಜಗ್ಗುವುದಿಲ್ಲ ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತೇವೆ.

ಸೇತುವೆಯಾಚೆ ಇನ್ನೊಂದು ದೇಶ. ನದಿಯ ನೀರು ಒಂದೇ, ಮಾತೂ ಒಂದೇ. ಆದರೆ ಅಲ್ಲಿ ನನ್ನ ಬಣ್ಣದ ಡಬ್ಬಿ ಸಿಗುವ ಅಂಗಡಿಯಲ್ಲೇ, ಪಕ್ಕದ ಸಾಲಿನಲ್ಲೇ, ಬಂದೂಕೂ ಸಿಗುತ್ತದೆ. ಗುರುತಿನ ಚೀಟಿ ತೋರಿಸಿ ಒಂದು ಸಹಿ ಹಾಕಿದರೆ ಮುಗಿಯಿತು. ಒಮ್ಮೆ ನಾನು ವಾರ್ನಿಷ್ ಆರಿಸಿಕೊಳ್ಳುವಷ್ಟರಲ್ಲಿ ಒಬ್ಬ ಬಂದು, ಬಂದೂಕು ಕೊಂಡು, ಹೊರಟೂ ಹೋದ. ಅವತ್ತು ನನಗೆ ತಮಾಷೆಯೆನಿಸಿತ್ತು.

ಭಾವನ ಒಬ್ಬಳೇ ಮಗಳನ್ನು ಆಚೆಗೆ ಕೊಟ್ಟಿದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಅವಳದು. ಗಂಡನಿಗೆ ಮೊಬೈಲ್ ರಿಪೇರಿ ಅಂಗಡಿ. ಅವರಿಗೊಬ್ಬಳು ನಾಲ್ಕು ವರ್ಷದ ಪುಟ್ಟಿ. ಅಳಿಯ ಕೆಟ್ಟವನೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಮಗಳೆಂದರೆ ಪ್ರಾಣ. ಹೋದ ವರ್ಷ ಹಾಡಹಗಲೇ ಇಬ್ಬರು ಅವನ ಅಂಗಡಿಗೆ ನುಗ್ಗಿ, ಹಣೆಗೆ ಬಂದೂಕು ಇಟ್ಟು, ಇದ್ದಬದ್ದ ಫೋನುಗಳನ್ನೆಲ್ಲ ಬಾಚಿಕೊಂಡು ಹೋದರು. ಮಾರನೆಯ ದಿನವೇ ಅವನೂ ಒಂದು ಉದ್ದ ಬಂದೂಕು ತಂದು ಮಲಗುವ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದ. ಗುಂಡು ತುಂಬಿಯೇ ಇಟ್ಟ.

ಈ ಸುದ್ದಿ ಮಗಳ ಬಾಯಿಂದ ಹೊರಬಿದ್ದದ್ದೇ ಭಾವ ಷೆಡ್ಡಿಗೆ ಓಡಿದರು. ಬಂದ ಕೆಲಸಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ನಾಲ್ಕು ದಿನದಲ್ಲಿ ಒಂದು ಬೀರು ಮಾಡಿದರು. ಬೆಸುಗೆಯನ್ನು ಮೂರು ಸಲ ಉಜ್ಜಿದರು. "ಆರೋಕೆ ಬಿಡಿ ಭಾವ" ಎಂದು ನಾನು ಬೇಡಿಕೊಂಡರೂ ಬಿಡದೆ ಬಣ್ಣ ಹಸಿಯಿರುವಾಗಲೇ ವ್ಯಾನಿಗೆ ಏರಿಸಿದರು. ಅದರ ಕದದ ಮೇಲೆ ಈಗಲೂ ಅವರ ಐದು ಬೆರಳಿನ ಗುರುತಿದೆ. ನನ್ನ ಮರ್ಯಾದೆ ಹೋಯಿತು.

ಸೇತುವೆಯ ಮೇಲೆ ವಾಹನಗಳು ಇರುವೆಯಂತೆ ಹರಿಯುತ್ತಿದ್ದವು. ಭಾವ ಕೆಳಗಿಳಿದು ವ್ಯಾನಿನ ಪಕ್ಕದಲ್ಲೇ ನಡೆದುಕೊಂಡು ಬಂದರು. ಆಚೆ ತುದಿಯ ಅಧಿಕಾರಿ ನಮ್ಮಿಬ್ಬರಿಗೂ ಏಳು ದಿನ ಆಚೆ ಇರಲು ಕೊಟ್ಟ ಚೀಟಿಗೆ ಮೊಹರು ಒತ್ತಿ, ಬೀರನ್ನು ಬೆರಳಿನಿಂದ ತಟ್ಟಿ ಕೇಳಿದ: "ಇದರೊಳಗೆ ಏನಿಡ್ತೀರ?"

"ಬಂದೂಕು."

"ಬೇಕಾದಾಗ ಹೇಗೆ ತೆಗೀತೀರ?"

"ಬೀಗ ತೆಗೆದು."

ಅವನು ಪಕ್ಕದವನ ಮುಖ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಭಾವನಿಗೆ ಆ ನಗು ಅರ್ಥವೇ ಆಗಲಿಲ್ಲ.

ಅಳಿಯ ಬಾಗಿಲಿಗೇ ಬಂದು ನಮ್ಮನ್ನು ಒಳಗೆ ಕರೆದುಕೊಂಡ. ಬೀರು ಇಳಿಸಲು ಭುಜವನ್ನೂ ಕೊಟ್ಟ. ಕೋಣೆಯೊಳಗೆ ಕಾಲಿಟ್ಟ ಭಾವ ಜೇಬಿನಿಂದ ಟೇಪು ತೆಗೆದರು. ಬೀರಿಗೆ ಜಾಗ ಅಳೆಯುತ್ತಾರೆಂದು ನಾನು ಭಾವಿಸಿದ್ದೆ. ಅವರು ಅಳೆದದ್ದು ಬಾಗಿಲ ಹಿಂದೆ ನಿಂತಿದ್ದ ಬಂದೂಕನ್ನು. ನಲವತ್ತಮೂರು ಇಂಚು. ಆಮೇಲೆ ಪುಟ್ಟಿಯನ್ನು ಕರೆದು ಗೋಡೆಗೆ ಒರಗಿಸಿ ನಿಲ್ಲಿಸಿದರು. ತಾತ ಆಟ ಆಡಿಸುತ್ತಿದ್ದಾರೆಂದು ಅವಳು ಹಿಮ್ಮಡಿ ಎತ್ತಿ ಎತ್ತಿ ನಿಂತಳು. ನಲವತ್ತೊಂದೂವರೆ. ಇನ್ನು ಟ್ರಿಗರ್ರು ಅವಳ ಕೈ ತಾನಾಗಿ ತಲುಪುವ ಎತ್ತರದಲ್ಲಿತ್ತು. ಭಾವ ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಸಂಜೆಯ ಹೊತ್ತಿಗೆ ಬೀರು ಗೋಡೆ ಹಿಡಿಯಿತು. ಊಟಕ್ಕೆ ಕೂತಾಗ ಭಾವ ನಿಂತುಕೊಂಡೇ ಮಾತು ತೆಗೆದರು. "ಈ ವರ್ಷ ನಿಮ್ಮೂರಲ್ಲಿ ಬಂದೂಕಿಗೆ ಸತ್ತೋರು ಹದಿನೇಳು ಜನ. ನಮ್ಮೂರಲ್ಲಿ ಒಬ್ಬ. ಎರಡೂ ಊರು ಒಂದೇ ಗಾತ್ರ."

"ಆ ಒಬ್ಬ ಸತ್ತಿದ್ದು ಯಾರ ಮನೇಲಿ ಮಾವ?" ಎಂದ ಅಳಿಯ.

ಭಾವ ತಟ್ಟೆ ಕೆಳಗಿಟ್ಟರು. ನಮ್ಮೂರಿನ ದಿನಸಿ ವ್ಯಾಪಾರಿ ಕಾಂಪೌಂಡಿನ ಜಗಳದಲ್ಲಿ ತಮ್ಮನಿಗೆ ಗುಂಡು ಹೊಡೆದಿದ್ದ. ಸಾವಧಾನವಾಗಿ ಬೀಗ ತೆಗೆದೇ ಹೊಡೆದಿದ್ದ. ಆ ಬೀರು ಭಾವ ಮಾಡಿದ್ದು, ಬಣ್ಣ ನನ್ನದು.

"ನಿಮ್ಮನ್ನ ಚುಚ್ಚೋಕೆ ಹೇಳ್ತಿಲ್ಲ" ಎಂದು ಅಳಿಯ ಮೆತ್ತಗೆ ಮುಂದುವರಿಸಿದ. "ನಿಮ್ಮ ಕಡೆ ಕಳ್ಳನ ಕೈಲಿ ಚಾಕು ಇರುತ್ತೆ. ನಮ್ಮ ಕಡೆ ಅವನ ಕೈಲೂ ಬಂದೂಕೇ ಇರುತ್ತೆ. ನಾನು ಬೀಗದ ಕೈ ಹುಡುಕೋ ತನಕ ಅವನು ಕಾಯ್ತಾನಾ? ನಿಮ್ಮ ಕಾನೂನನ್ನ ವ್ಯಾನಲ್ಲಿ ಹಾಕ್ಕೊಂಡು ಬಂದ್ರೆ ಹೇಗೆ ಮಾವ?"

"ಕಳ್ಳ ಬಂದಿದ್ದು ಒಂದು ಸಲ" ಎಂದರು ಭಾವ. "ಮಗು ದಿನಾ ಮನೇಲಿರುತ್ತೆ."

ಮಗಳು ಬಡಿಸುತ್ತಲೇ ಇದ್ದಳು. ಯಾರ ಪರವಾಗಿಯೂ ಒಂದು ಮಾತಾಡಲಿಲ್ಲ. ಗಂಡ ಹೇಳುವುದೂ ಸರಿ, ಅಪ್ಪ ಹೇಳುವುದೂ ಸರಿ ಎನಿಸಿದಾಗ ಬಾಯಿ ಹೇಗೆ ತಾನೇ ಬರುತ್ತದೆ?

ಬೆಳಿಗ್ಗೆ ಎದ್ದು ನೋಡಿದರೆ ಬೀರಿಗೆ ಬೀಗ ಬಿದ್ದಿತ್ತು. ಭಾವನ ಮುಖ ಅರಳಿತು. ಅಳಿಯ ಸಂತೋಷದಿಂದಲೇ ಕದ ತೆಗೆದು ತೋರಿಸಿದ. ಒಳಗೆ ಮನೆಯ ಕಾಗದಪತ್ರ, ಹೆಂಡತಿಯ ಒಡವೆ, ಅಂಗಡಿಯ ಎರಡು ದುಬಾರಿ ಫೋನು. "ತುಂಬಾ ಉಪಯೋಗ ಆಯ್ತು ಮಾವ" ಎಂದ. ಬಂದೂಕು ಬಾಗಿಲ ಹಿಂದೆಯೇ ನಿಂತಿತ್ತು.

ನನಗೆ ನಗು ಬಂತು, ಸಿಟ್ಟೂ ಬಂತು. ಭಾವ ಮಾತ್ರ ಒಂದು ಕುರ್ಚಿ ಎಳೆದು ಆ ಬಾಗಿಲಿಗೆ ಅಡ್ಡಲಾಗಿ ಹಾಕಿಕೊಂಡು ಕೂತರು. ಜೀವಮಾನದಲ್ಲಿ ಒಂದು ಕಡೆ ಕೂರದ ಮನುಷ್ಯ! "ನೀನು ಹೋಗು, ಷೆಡ್ ನೋಡ್ಕೋ. ನಾನು ಆಮೇಲೆ ಬರ್ತೀನಿ" ಎಂದು ನನ್ನನ್ನು ಸಾಗಹಾಕಿದರು.

ಏಳನೆಯ ದಿನ ಹೊಸ ಚೀಟಿ ಮಾಡಿಸಿಕೊಂಡು ಅವರನ್ನು ಕರೆತರಲು ಹೋದೆ. ಅವರ ಚೀಟಿಯ ಅವಧಿ ಅವತ್ತು ಸಂಜೆಗೆ ಮುಗಿಯುತ್ತಿತ್ತು. ಆ ಒಂದು ವಾರದಲ್ಲಿ ಭಾವ ಕುರ್ಚಿಗೆ ಕೈಯೆಟಕುವುದನ್ನೆಲ್ಲ ರಿಪೇರಿ ಮಾಡಿ ಮುಗಿಸಿದ್ದರು. ಕಿಟಕಿಯ ಚಿಲಕ, ಮಿಕ್ಸಿ, ಪುಟ್ಟಿಯ ಸೈಕಲ್ಲು. ಮಾಡಲು ಏನೂ ಉಳಿಯದೆ ಮೊಣಕಾಲು ಕುಣಿಸುತ್ತ ಕೂತಿದ್ದರು. ಪುಟ್ಟಿ ಆ ಕಡೆ ಬಂದಾಗಲೆಲ್ಲ ಕಾಲು ನಿಲ್ಲುತ್ತಿತ್ತು.

"ಹೊರಡಿ ಭಾವ. ಚೀಟಿ ಮುಗೀತು."

"ಬಂದೂಕು ಒಳಗೆ ಹೋಗ್ಲಿ, ಹೊರಡ್ತೀನಿ."

"ಇದು ಅವರ ಮನೆ. ಅವರ ದೇಶ."

"ಮೊಮ್ಮಗಳು ನನ್ನವಳು" ಎಂದರು. ಪಾರ್ಕಿಂಗ್ ಚೀಟಿ ಹರಿದು ಬಿಸಾಡಲೂ ಹೆದರುವ ಮನುಷ್ಯ ಅಂದು ಬೇಕೆಂದೇ ಕಾನೂನು ಮುರಿದು ಕೂತರು. ನಾನೂ ಅಲ್ಲೇ ಉಳಿದೆ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಇಬ್ಬರು ಪೊಲೀಸರು ಬಂದರು. ಯಾರು ಹೇಳಿದರೋ ಗೊತ್ತಿಲ್ಲ. ಅಳಿಯ ಪುಟ್ಟಿಯ ತಲೆ ಮುಟ್ಟಿ ತಾನಲ್ಲ ಎಂದ, ನಾನು ಮುಕ್ಕಾಲು ಪಾಲು ನಂಬಿದ್ದೇನೆ. ಅವರಲ್ಲಿ ಹಿರಿಯನು ಕುರ್ಚಿಯ ಹಿಂದೆ ಇಣುಕಿ ಬಂದೂಕು ನೋಡಿದ. "ಒಳ್ಳೇ ಮಾಲು. ನನ್ನ ಮೈದುನನೂ ಇದನ್ನೇ ಇಟ್ಕೊಂಡಿದಾನೆ" ಎಂದ. ಆಮೇಲೆ ಭಾವನ ಕಡೆ ತಿರುಗಿದ. "ನಿಮ್ಮ ಚೀಟಿ ತೋರಿಸಿ."

ಬಂದೂಕಿಗೆ ಆ ಮನೆಯಲ್ಲಿರಲು ಕಾಗದ ಬೇಕಿರಲಿಲ್ಲ, ತಾತನಿಗೆ ಬೇಕಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಪೊಲೀಸಿನವನಿಗೆ ಕೋಪವೇನೂ ಬರಲಿಲ್ಲ. "ಕಾನೂನು ನಾನು ಬರೆದಿದ್ದಲ್ಲ ಸ್ವಾಮಿ" ಎಂದು ಭಾವನ ಚೀಲವನ್ನು ತಾನೇ ಹೊತ್ತುಕೊಂಡ. ಸೇತುವೆಯ ಕಚೇರಿಯಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಒಂದು ವರ್ಷ ಆಚೆಗೆ ಕಾಲಿಡುವಂತಿಲ್ಲ.

ಅಲ್ಲಿಯವರೆಗೂ ಹಿಂದೆಯೇ ಬಂದಿದ್ದ ಮಗಳು ವ್ಯಾನಿನ ಕಿಟಕಿ ಹಿಡಿದುಕೊಂಡು ಮೊದಲ ಸಲ ಬಾಯಿ ಬಿಟ್ಟಳು. "ಅಪ್ಪಾ, ಬಂದೂಕು ಒಳಗಿಟ್ಟು ನಾನೇ ಬೀಗ ಹಾಕ್ತೀನಿ. ಅವರ ಹತ್ರ ಜಗಳ ಆಡಿಯಾದ್ರೂ ಹಾಕ್ತೀನಿ. ನೀನು ಸರಿಯಾಗಿ ಊಟ ಮಾಡು." ಭಾವ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಗಾಡಿ ಹೊರಡಿಸಿದ ಮೇಲೂ ಸ್ವಲ್ಪ ದೂರ ಬಿಡಲಿಲ್ಲ.

ಅಂದಿನಿಂದ ದಿನಾ ಸಂಜೆ ಆರೂವರೆಗೆ ಫೋನು. "ಹಾಕು ಮಗಳೇ" ಎನ್ನುತ್ತಾರೆ ಭಾವ. ಅವಳು ಫೋನನ್ನು ಹತ್ತಿರ ಹಿಡಿದು ಬೀರಿನ ಕದ ಹಾಕುತ್ತಾಳೆ. ಬಂದೂಕು ನೇತುಹಾಕುವ ಕೊಕ್ಕೆಗಳನ್ನು ಭಾವ ಕದದ ಒಳಮೈಗೇ ಬೆಸೆಯುತ್ತಾರೆ. ಹಾಗಾಗಿ ಬಂದೂಕಿದ್ದರೆ ಕದ ಭಾರವಾಗಿ ದಪ್ ಎಂದು ಮುಚ್ಚುತ್ತದೆ, ಖಾಲಿಯಿದ್ದರೆ ಖಣ್ ಎನ್ನುತ್ತದೆ. ಮಗಳಿಗೆ ಇದು ಗೊತ್ತಿಲ್ಲ. ನಾಲ್ಕು ತಿಂಗಳು ಪ್ರತಿ ಸಂಜೆಯೂ ದಪ್ ಎಂದಿತು. ಭಾವ ಕೂತು ಊಟ ಮಾಡತೊಡಗಿದ್ದರು. ಅಕ್ಕ ಬೈಯಲು ಬೇರೇನಾದರೂ ಹುಡುಕುತ್ತಿದ್ದಳು.

ಹೋದ ತಿಂಗಳು ಅಳಿಯನ ಪಕ್ಕದ ಅಂಗಡಿಗೂ ಕಳ್ಳರು ನುಗ್ಗಿದರೆಂದು ಸುದ್ದಿ ಬಂತು. ಎರಡು ದಿನ ಬಿಟ್ಟು ಒಂದು ಸಂಜೆ, ಫೋನು ಷೆಡ್ಡಿನ ಬೆಂಚಿನ ಮೇಲಿತ್ತು, ನಾನು ಪಕ್ಕದಲ್ಲೇ ಬ್ರಷ್ ತೊಳೆಯುತ್ತಿದ್ದೆ. "ಹಾಕು ಮಗಳೇ" ಎಂದರು ಭಾವ.

ಖಣ್ ಎಂದಿತು.

ಬಣ್ಣ ಹೊಡೆಯುವ ನನಗೇ ತಿಳಿಯಿತು. ಭಾವ ಎದ್ದು ನಿಂತಿದ್ದರು. "ಕೇಳಿಸ್ತಾ ಅಪ್ಪಾ?" ಎಂದಳು ಮಗಳು. ಧ್ವನಿ ಸ್ವಲ್ಪ ಏರಿತ್ತು. ಈಗ ಕೂಗಾಡುತ್ತಾರೆ ಎಂದುಕೊಂಡೆ.

"ಕೇಳಿಸ್ತು ಮಗಳೇ" ಎಂದರು. "ಸರಿಯಾಗಿ ಬಿತ್ತು."

ಫೋನಿಟ್ಟ ಮೇಲೆ ನಾನು ರೇಗಿದೆ. "ಖಾಲಿ ಇದೆ ಅಂತ ಗೊತ್ತಿದ್ದೂ ಯಾಕೆ ಭಾವ ಸುಮ್ಮನಾದ್ರಿ?"

"ಸುಳ್ಳು ಹೇಳೋಕಾದ್ರೂ ಫೋನ್ ಎತ್ತುತ್ತಾ ಇದಾಳೆ ಕಣಯ್ಯ. ಕೇಳಿಬಿಟ್ರೆ ಅದೂ ನಿಂತುಹೋಗುತ್ತೆ" ಎಂದರು. ಆಮೇಲೆ ಎಂಟು ಗಂಟೆಯ ತನಕ ಷೆಡ್ಡಿನೊಳಗೆ ಅತ್ತಿಂದಿತ್ತ ನಡೆದರು.

ಈಗ ಅವರು ಕದ ಹಾಕು ಎನ್ನುವುದಿಲ್ಲ. ಮಗಳು ಫೋನು ಎತ್ತಿದ ತಕ್ಷಣ "ಪುಟ್ಟಿಗೆ ಕೊಡು" ಎನ್ನುತ್ತಾರೆ. ಅವಳು ಗೊಂಬೆಗೆ ಜ್ವರ ಬಂತು, ಬೆಕ್ಕು ಕೆಮ್ಮಿತು ಎಂದು ಏನೇನೋ ಹೇಳುತ್ತಾಳೆ. ಭಾವ ನಿಂತೇ ಕೇಳುತ್ತಾರೆ.

ನಿನ್ನೆ ಪುಟ್ಟಿ ಫೋನಿಗೆ ಬರುವುದು ತಡವಾಯಿತು. "ಒಳಗೆ ಆಡ್ತಾ ಇದಾಳೆ, ಕರೀತೀನಿ ತಾಳು" ಎಂದು ಮಗಳು ಫೋನನ್ನು ಮೇಜಿನ ಮೇಲಿಟ್ಟು ಹೋದಳು.

"ಯಾವ ಕೋಣೇಲಿ ಮಗಳೇ?" ಎಂದರು ಭಾವ.

ಉತ್ತರಿಸಲು ಅಲ್ಲಿ ಯಾರೂ ಇರಲಿಲ್ಲ. "ಯಾವ ಕೋಣೇಲಿ?" ಎಂದು ಅವರು ಮತ್ತೆ ಕೇಳಿದರು. ಪುಟ್ಟಿ ಬರಲು ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಅಷ್ಟೂ ಹೊತ್ತು ಅವರು ಅದೊಂದನ್ನೇ ಕೇಳುತ್ತಿದ್ದರು.