ಅಪ್ಪ ಶಾಲೆಗೆ ತಂದ ತಮಟೆ

ಕಡಲೆಕಾಯಿ ಸಿಪ್ಪೆ ಸುಟ್ಟ ಹೊಗೆ ಮೂಗಿಗೆ ಬಡಿದರೆ ಸಾಕು, ಮಡಕಶಿರದಲ್ಲಿ ನಾನು ಓದಿದ ಶಾಲೆಯ ಅಂಗಳದಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು ತಮಟೆ ಕಾಯಿಸುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ. ಬೆಂಕಿಯ ಶಾಖ ತಾಗದೆ ಆ ಚರ್ಮ ಬಾಯಿ ಬಿಡುವುದಿಲ್ಲ.

ಮೊದಲ ಸಲ ಒಂದು ಶನಿವಾರ ಅವನು ಯಾರೂ ಕರೆಯದೆಯೇ ಹಳ್ಳಿಯಿಂದ ಬಂದಿದ್ದ. ಯಾಕೆಂದು ಮೇಷ್ಟ್ರು ಕೇಳಿದ್ದಕ್ಕೆ, "ಹಬ್ಬಕ್ಕೂ ಬಡ್ದೆ, ಸಾವಿಗೂ ಬಡ್ದೆ ಸಾರ್. ಈ ಮಕ್ಳು ಕುಣಿಯಂಗೆ ಬಡುದ್ರೆ ದೇವ್ರಿಗೆ ನೆಟ್ಟಗೆ ಮುಟ್ತದೆ," ಎಂದ.

"ಯಾರೇ ಅದು?" ಎಂದು ಪಕ್ಕದ ಗೆಳತಿ ಕೇಳಿದಳು.

"ನಂಗೊತ್ತಿಲ್ಲ," ಎಂದುಬಿಟ್ಟೆ.

ಅಪ್ಪನಿಗೆ ಕೇಳಿಸಿತು. ಅವನು ನನ್ನ ಕಡೆ ನೋಡಲಿಲ್ಲ. ಚರ್ಮವನ್ನು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಎದ್ದು ಬಾರಿಸತೊಡಗಿದ. ಇಡೀ ಶಾಲೆ ಕುಣಿಯಿತು. ಗೋಡೆಗೆ ಅಂಟಿ ನಿಂತಿದ್ದ ನನ್ನ ಕಾಲುಗಳೂ ನನ್ನ ಮಾತು ಕೇಳಲಿಲ್ಲ. ಆಮೇಲೆ ಅವನು ಪ್ರತಿ ಶನಿವಾರವೂ ಬಂದ.

ಇವತ್ತು ಅದೇ ಅಂಗಳದಲ್ಲಿ ಸಿಪ್ಪೆ ಗುಡ್ಡೆ ಹಾಕಿ ನಾನೇ ಕಡ್ಡಿ ಗೀರಿದೆ. ಸುತ್ತ ನೆರೆದ ಮಕ್ಕಳಲ್ಲಿ ಒಬ್ಬಳು, "ಈ ತಮಟೆ ಯಾರ್ದು ಮಿಸ್?" ಎಂದಳು.

"ನಮ್ಮಪ್ಪಂದು," ಎಂದೆ, ಗೇಟಿನ ಆಚೆಗೂ ಕೇಳುವ ಹಾಗೆ.