ಮೀನು ಉಂಡ ದಿನದ ಹಾಲು

ನಿಮ್ಮ ಶೋಭಾ ಚಿಕ್ಕಮ್ಮನಿಗೆ ಅಂದು ಹಾಲು ಕುಡಿಸಿದವಳು ನಾನು — ಅವಳ ತಾಯಿ ಗಿರಿಜೆಯಲ್ಲ.

ಸುಹಾಸ, ಸಿಂಚನಾ, ಇದನ್ನು ಬರೆದೇ ತಿಳಿಸುತ್ತಿದ್ದೇನೆ. ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನ್ನ ಗಂಟಲು ಎಂದೂ ನನ್ನ ಮಾತು ಕೇಳಿದ್ದಲ್ಲ.

ಈ ರಜೆಯಲ್ಲಿ ನಿಮಗೊಂದು ಹುಚ್ಚು. ಅಚ್ಚರಿಯ ಸಂಗತಿಗಳನ್ನು ಹೆಕ್ಕಿ, ಯಾವುದು ನಿಜ, ಯಾವುದು ಸುಳ್ಳು ಎಂದು ಹುಡುಕುವುದು. ಹತ್ತು ತೋಳಿನ ಬೊಂಡಾಸ್ ಮೀನಿಗೆ ಮೂರು ಹೃದಯ — ನಿಜವಂತೆ. ಹಾವು ಪುಂಗಿಯ ನಾದ ಕೇಳಿ ಕುಣಿಯುತ್ತದೆ — ಸುಳ್ಳಂತೆ. ಒಬ್ಬರು ಹೇಳಿದ್ದನ್ನೇ ನಂಬಬಾರದು, ಎರಡು ಮೂರು ಕಡೆ ವಿಚಾರಿಸಬೇಕೆಂದು ನನಗೇ ಪಾಠ. ಮೀನು ಕೊಯ್ಯುವಾಗಲೂ ಬಿಡಲಿಲ್ಲ ನೀವು. ಸಾಕಾಗಿಹೋಗಿತ್ತು ನನಗೆ. ಅಷ್ಟರಲ್ಲಿ ಸುಹಾಸ ಓಡಿ ಬಂದ.

"ಅಮ್ಮಮ್ಮ, ಮೀನ್ ತಿಂದ್ ಹಾಲ್ ಕುಡಿದ್ರೆ ಮೈ ಮೇಲೆ ಬಿಳಿ ಕಲೆ ಆತ್ತ್ ಅಂಬುದ್ ಶುದ್ಧ ಸುಳ್ಳ್! ಡಾಕ್ಟ್ರನ್ನೂ ಕೇಂಡೆ."

ಆ ಸುಳ್ಳನ್ನು ನಂಬಿಯೇ ನಮ್ಮ ಮನೆಯಲ್ಲಿ ಮೀನು ಬೇಯಿಸಿದ ದಿನ ಹಾಲಿನ ಪಾತ್ರೆ ಮೇಲಿನ ಕಪಾಟಿಗೆ ಹೋಗುತ್ತಿತ್ತು. ಶೋಭಾ ಆಗ ಪುಟ್ಟವಳು. ಬಂಗುಡೆ ಸಾರಿನಲ್ಲಿ ಉಂಡ ಮೇಲೆ ಹಾಲಿಗಾಗಿ ರಚ್ಚೆ ಹಿಡಿದಳು. ಗಿರಿಜೆ ಗದ್ದೆ ಕೊಯ್ಲಿಗೆ ಹೋಗಿದ್ದಳು. ಅಳು ನಿಲ್ಲಲಿ ಎಂದು ನಾನು ಒಂದು ಲೋಟ — ಗೊತ್ತಿದ್ದೂ — ಕೊಟ್ಟೆ. ಕೆಲವು ತಿಂಗಳಲ್ಲಿ ಮಗುವಿನ ತುಟಿಯ ಪಕ್ಕ ಬಿಳಿ ಕಲೆ ಮೂಡಿತು.

ಅತ್ತೆ ನನ್ನನ್ನೇ ಕರೆದು ಕೇಳಿದರು. "ಮೀನ್ ಉಂಡ್ ಮಗಿಗೆ ಹಾಲ್ ಕೊಟ್ಟದ್ ಯಾರ್ ಹೆಣ್ಣೇ?"

"ಗಿರಿಜಾ" ಎಂದೆ.

ಒಂದೇ ಮಾತು. ಅತ್ತೆ ಬೇರೆ ಯಾರನ್ನೂ ವಿಚಾರಿಸಲಿಲ್ಲ. ನನ್ನ ಮೈದುನನ ಹೆಂಡತಿ ಗಿರಿಜೆ, ದೇವರ ದೀಪ ಮುಟ್ಟಿ ತಾನಲ್ಲ ಎಂದಳು. ಯಾರೂ ನಂಬಲಿಲ್ಲ — ಮಾತೇ ಆಡದ ನಾನು ಸುಳ್ಳು ಹೇಳುವುದುಂಟೇ? ಶೋಭಾಳನ್ನು ನೋಡಲು ಬಂದವರು ಮರಳಿ ಹೋದಾಗಲೆಲ್ಲ ಬೈಗುಳ ಗಿರಿಜೆಗೆ. ಕೊನೆಗೆ ಮಗಳೂ ತಾಯಿಯ ಕೈಯಿಂದ ಚಾ ಸಹ ತೆಗೆದುಕೊಳ್ಳದಾದಳು. ಈಗಲೂ ತಾನಿರುವ ಕೋಟದಿಂದ ತಾಯಿಯ ಮನೆಗೆ ಬಂದರೆ ತನ್ನ ಚಾ ತಾನೇ ಮಾಡಿಕೊಳ್ಳುತ್ತಾಳೆ.

ಸುಹಾಸ, ಈ ಕತೆ ಮನೆಯಲ್ಲಿ ಕೇಳಿಯೇ ಬೆಳೆದ ನೀನು ಸಂಭ್ರಮದಿಂದ, ಈಗ ಗಂಗೊಳ್ಳಿಯಲ್ಲಿರುವ ಗಿರಿಜೆಗೆ ಫೋನ್ ಮಾಡಿದೆ. "ಗಂಗೊಳ್ಳಿ ಅಮ್ಮಮ್ಮ, ನಿಮ್ದ್ ತಪ್ಪೇ ಇಲ್ಲೆ! ಹಾಲಿಗೂ ಕಲೆಗೂ ಸಂಬಂಧವೇ ಇಲ್ಲೆ ಅಂಬ್ರ್!"

ಸ್ಪೀಕರಿನಲ್ಲಿ ಗಿರಿಜೆಯ ದನಿ: "ಹಾಲಿಂದ್ ಕತಿ ಇರ್ಲಿ ಮಗಾ. ನಾ ಕೊಡ್ಲೇ ಇಲ್ಲೆ ಅಲ್ದಾ? ಅದನ್ನ್ ನಿನ್ ಮೊಬೈಲ್ ಹೇಳತ್ತಾ?"

ನೀವಿಬ್ಬರೂ ನಕ್ಕಿರಿ. ನಾನು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸಿಟ್ಟು ಬಂದಿತ್ತು — ನಿಮ್ಮ ಮೇಲೆ, ಆ ಮೊಬೈಲಿನ ಮೇಲೆ, ತೀರಿಕೊಂಡ ಅತ್ತೆಯ ಮೇಲೆ. ಇಲ್ಲದ ತಪ್ಪೊಂದನ್ನು ಇಷ್ಟು ವರ್ಷ ಬಚ್ಚಿಟ್ಟೆನಲ್ಲ! ಆದರೆ ಹಾಲು ಕೊಟ್ಟದ್ದು ತಪ್ಪಲ್ಲವಾದರೂ, ಅವಳ ಹೆಸರು ಹೇಳಿದ್ದು... ಇವತ್ತು ಫೋನಿನ ಮುಂದೆಯೂ ಬಾಯಿ ಬಿಡದಿದ್ದದ್ದು...

ಹಾಲಿನ ಸುಳ್ಳು ಊರಿನದು. ಗಿರಿಜೆಯ ಮೇಲಿನ ಸುಳ್ಳು ನನ್ನದೇ.

ಇದನ್ನು ನೀವು ಓದುವ ಹೊತ್ತಿಗೆ ನಾನು ಗಂಗೊಳ್ಳಿಯಲ್ಲಿರುತ್ತೇನೆ. ಶೋಭಾಳಿಗೂ ಬರಲು ಹೇಳಿದ್ದೇನೆ. ಗಂಟಲು ಕಟ್ಟಿದರೆ, ಅದು ಬಿಡುವವರೆಗೆ ಅವರ ಎದುರೇ ಕೂತಿರುತ್ತೇನೆ. ಆಮೇಲೆ ಗಿರಿಜೆ ಚಾ ಮಾಡಲಿ, ಶೋಭಾ ಕುಡಿಯಲಿ. ನನಗೆ ಕೊಡಬೇಕೆಂದಿಲ್ಲ.